ತೂಕಡಿಕೆ ಮತ್ತು ನಿದ್ದೆಯ ನಡುವೆ

ಚಂದಾಪುರದಲ್ಲಿ ಜುಮಾ ನಮಾಝ್‌ಗೆ ಬರುವವರಲ್ಲಿ ಒಂದು ವರ್ಗವನ್ನು ನೋಡಿದೊಡನೆ ಗುರುತಿಸಬಹುದು. ಅವರ ಕಣ್ಣು ಕೆಂಪಗಿರುತ್ತದೆ. ವುಝೂವಿನ ನೀರು ಮುಖದ ಮೇಲೆ ಆರುವ ಮೊದಲೇ ತಲೆ ಎದೆಯ ಕಡೆಗೆ ಬಾಗತೊಡಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯಲ್ಲೋ ಬೊಮ್ಮಸಂದ್ರ, ಜಿಗಣಿಗಳ ಕಾರ್ಖಾನೆಯಲ್ಲೋ ರಾತ್ರಿ ಪಾಳಿ ಮುಗಿಸಿ, ಬೆಳಗ್ಗೆ ಮನೆ ಸೇರಿ, ಮೂರು ತಾಸು ಮಲಗಿ ಎದ್ದು ಬಂದವರು ಇವರು. ಖತೀಬರ ಧ್ವನಿ ಏರುತ್ತದೆ, ಇಳಿಯುತ್ತದೆ. ಇವರ ತಲೆಯೂ ಹಾಗೆಯೇ.

ಖುತ್ಬಾದ ವೇಳೆ ಮಾತನಾಡುವಂತಿಲ್ಲ. ನಮಾಝ್ ಮುಗಿದು ಚಪ್ಪಲಿ ಹುಡುಕುವಾಗ ಪಕ್ಕದಲ್ಲಿದ್ದವರು ನಗುತ್ತಾ, “ಏನು ಭಾಯಿ, ಒಳ್ಳೆ ನಿದ್ದೆ ಆಯಿತಾ?” ಎಂದು ಕೇಳುತ್ತಾರೆ. ಉತ್ತರ ಯಾವಾಗಲೂ ಒಂದೇ. “ಇಲ್ಲಪ್ಪಾ, ನಿದ್ದೆ ಎಲ್ಲಿ ಮಾಡಿದೆ? ಎಲ್ಲ ಕೇಳಿಸ್ತಾ ಇತ್ತು.” ಆದರೆ ಖತೀಬರು ಕೊನೆಗೆ ಹೇಳಿದ್ದೇನು ಎಂದರೆ ಅವರಿಗೆ ನೆನಪಾಗುವುದಿಲ್ಲ.

ಅವರು ಸುಳ್ಳು ಹೇಳುತ್ತಿದ್ದಾರೆಯೇ? ಖಂಡಿತ ಇಲ್ಲ. ತಮಗೆ ತಿಳಿದಷ್ಟನ್ನು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದಾರೆ. ತೊಂದರೆ ಇರುವುದು ಆ ‘ತಿಳಿದಷ್ಟು’ ಎಂಬುದರಲ್ಲಿಯೇ. ಎಚ್ಚರದಿಂದ ನಿದ್ದೆಗೆ ದಾಟುವ ಗೆರೆಯ ಮೇಲೆ ನಿಂತವನಿಗೆ ತಾನು ದಾಟಿದೆನೇ ಇಲ್ಲವೇ ಎಂಬುದು ಗೊತ್ತಾಗುವುದಿಲ್ಲ. ಇದು ಕೇವಲ ಕುತೂಹಲದ ವಿಷಯವಲ್ಲ. ಆತನ ವುಝೂ ಉಳಿಯಿತೇ ಎಂಬ ಪ್ರಶ್ನೆ ಇದಕ್ಕೆ ಅಂಟಿಕೊಂಡಿದೆ. ಮಸೀದಿಯಿಂದ ಹೊರಬಂದು ಸ್ಕೂಟರ್ ಹತ್ತುವ ಆತನ ಪ್ರಾಣದ ಪ್ರಶ್ನೆಯೂ ಅಂಟಿಕೊಂಡಿದೆ. ಆದುದರಿಂದ ನಿದ್ದೆ ಹತ್ತುವ ಆ ಕೆಲವು ನಿಮಿಷಗಳಲ್ಲಿ ಮನಸ್ಸಿನಲ್ಲಿ ಏನೇನು ನಡೆಯುತ್ತದೆಂದು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಪದಗಳನ್ನು ಗಮನಿಸಿ. ಕನ್ನಡದಲ್ಲಿ ನಿದ್ದೆ ‘ಬರುತ್ತದೆ’, ನಿದ್ದೆ ‘ಹತ್ತುತ್ತದೆ’. ನಮ್ಮ ಮನೆಗಳ ದಖನಿ ಉರ್ದುವಿನಲ್ಲಿಯೂ ನೀಂದ್ ಬರುತ್ತದೆಯೇ ಹೊರತು ಅದನ್ನು ಯಾರೂ ತರುವುದಿಲ್ಲ. ಮಲಗುವುದು ನಮ್ಮ ಕೆಲಸ. ನಿದ್ದೆ ಹತ್ತುವುದು ನಮ್ಮ ಕೈಯಲ್ಲಿಲ್ಲ. ಅದಕ್ಕೂ ಮುಂಚಿನ ಸ್ಥಿತಿಗೆ ತೂಕಡಿಕೆ, ಜೋಂಪು, ಮಂಪರು ಎಂಬ ಬೇರೆ ಪದಗಳಿವೆ. ಅರಬಿಯಲ್ಲಿಯೂ ಈ ವ್ಯತ್ಯಾಸವಿದೆ. ತೂಕಡಿಕೆಗೆ ‘ಸಿನತ್’, ‘ನುಆಸ್’ ಎಂಬ ಪದಗಳು, ಪೂರ್ಣ ನಿದ್ದೆಗೆ ‘ನೌಮ್’. ಮಲಗುವ ಮುನ್ನ ನಮ್ಮ ಮಕ್ಕಳು ಕೂಡ ಓದುವ ಆಯತುಲ್ ಕುರ್ಸಿಯಲ್ಲಿ (ಅಲ್ ಬಕರ: 255) ಅಲ್ಲಾಹನಿಗೆ ನಿದ್ದೆಯೂ ಇಲ್ಲ, ಅದಕ್ಕೆ ಮೊದಲಿನ ತೂಕಡಿಕೆಯೂ ಇಲ್ಲ ಎಂದು ಎರಡನ್ನೂ ಬೇರೆಬೇರೆಯಾಗಿ ನಿರಾಕರಿಸಲಾಗಿದೆ. ಮನುಷ್ಯನಾದರೋ ಪ್ರತಿ ರಾತ್ರಿ ಎರಡಕ್ಕೂ ಸಿಕ್ಕಿಕೊಳ್ಳುವವನು.

ಇವೆರಡನ್ನು ಪ್ರತ್ಯೇಕಿಸುವ ಗುರುತೇನು? 13ನೇ ಶತಮಾನದ ಇಮಾಮ್ ನವವಿಯವರು(ರ) ಇದಕ್ಕೆ ಕೊಟ್ಟಿರುವ ಉತ್ತರ ಬಹಳ ಸೊಗಸಾಗಿದೆ. ಸುತ್ತಲಿನವರ ಮಾತು ಕಿವಿಗೆ ಬೀಳುತ್ತಿದ್ದು, ಅರ್ಥ ಮಾತ್ರ ಆಗದಿದ್ದರೆ ಅದು ತೂಕಡಿಕೆ. ಕನಸು ಬಿದ್ದರೆ ಅದು ನಿದ್ದೆಯ ಗುರುತು. ‘ಎಲ್ಲ ಕೇಳಿಸ್ತಾ ಇತ್ತು’ ಎಂದ ನಮ್ಮ ಭಾಯಿಯ ಸ್ಥಿತಿಯನ್ನು ಇದಕ್ಕಿಂತ ಚೆನ್ನಾಗಿ ವರ್ಣಿಸುವುದು ಕಷ್ಟ.

ಉಪಕರಣಗಳು ಕಂಡದ್ದು

ಚಂದಾಪುರದಿಂದ ಅದೇ ಹೊಸೂರು ರಸ್ತೆಯಲ್ಲಿ ಬೆಂಗಳೂರಿನ ಕಡೆಗೆ ಸುಮಾರು 20 ಕಿಲೋಮೀಟರ್ ಹೋದರೆ ನಿಮ್ಹಾನ್ಸ್ ಸಿಗುತ್ತದೆ. 1974ರಲ್ಲಿ ಈಗಿನ ರೂಪಕ್ಕೆ ಬಂದ ಈ ಸಂಸ್ಥೆಯನ್ನು ನಮ್ಮ ಜನ ‘ತಲೆ ಕೆಟ್ಟವರ ಆಸ್ಪತ್ರೆ’ ಎಂದಷ್ಟೇ ಬಲ್ಲರು. ಅದು ತಪ್ಪು ಕಲ್ಪನೆ. ಅಲ್ಲಿ ಮನುಷ್ಯರ ನಿದ್ದೆಯನ್ನು ಅಧ್ಯಯನ ಮಾಡುವ ಪ್ರಯೋಗಾಲಯವೂ ಇದೆ. ಇಂತಹ ಪ್ರಯೋಗಾಲಯಗಳಲ್ಲಿ ಮಲಗುವವನ ನೆತ್ತಿಗೆ, ಕಣ್ಣಿನ ಬದಿಗೆ, ಗದ್ದಕ್ಕೆ ಸಣ್ಣ ತಂತಿಗಳನ್ನು ಅಂಟಿಸುತ್ತಾರೆ. ಮಿದುಳಿನ ವಿದ್ಯುತ್ ಅಲೆಗಳು, ಕಣ್ಣಿನ ಚಲನೆ, ಸ್ನಾಯುಗಳ ಬಿಗಿ ಇಡೀ ರಾತ್ರಿ ದಾಖಲಾಗುತ್ತವೆ. ತಲೆಯ ಮೇಲಿನಿಂದಲೇ ಮಿದುಳಿನ ಅಲೆಗಳನ್ನು ಬರೆದುಕೊಳ್ಳಬಹುದೆಂದು ಜಗತ್ತಿಗೆ ತಿಳಿಸಿದವರು ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್. ಅವರ ಲೇಖನ ಪ್ರಕಟವಾದದ್ದು 1929ರಲ್ಲಿ. ಅದಕ್ಕೆ ಮುಂಚೆ ನಿದ್ದೆ ಯಾವಾಗ ಹತ್ತಿತೆಂದು ತಿಳಿಯಲು ಮಲಗಿದವನ ಮುಖ ನೋಡುವುದಲ್ಲದೆ ಬೇರೆ ದಾರಿ ಹೆಚ್ಚೇನೂ ಇರಲಿಲ್ಲ.

ಎಚ್ಚರವಾಗಿದ್ದು ಕಣ್ಣು ಮುಚ್ಚಿ ಸುಮ್ಮನೆ ಮಲಗಿದವನ ಮಿದುಳಿನಲ್ಲಿ ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುವ ಆಲ್ಫಾ ಎಂಬ ಅಲೆ ಕಾಣುತ್ತದೆ. ನಿದ್ದೆ ಸಮೀಪಿಸಿದಂತೆ ಇದು ಒಡೆದು ಚದುರುತ್ತದೆ. ಅದರ ಜಾಗಕ್ಕೆ ಸೆಕೆಂಡಿಗೆ 4ರಿಂದ 7 ಬಾರಿಯ ನಿಧಾನದ ಥೀಟಾ ಅಲೆ ಬರುತ್ತದೆ. ಮುಚ್ಚಿದ ರೆಪ್ಪೆಯ ಹಿಂದೆ ಕಣ್ಣುಗುಡ್ಡೆಗಳು ನಿಧಾನವಾಗಿ ಅತ್ತಿತ್ತ ಉರುಳುತ್ತವೆ. ಸ್ನಾಯುಗಳ ಬಿಗಿ ಸಡಿಲವಾಗುತ್ತದೆ. ಇದು ನಿದ್ದೆಯ ಮೊದಲ ಹಂತ. ಸಾಮಾನ್ಯವಾಗಿ ಕೆಲವೇ ನಿಮಿಷಗಳದ್ದು. ಆ ಬಳಿಕ ಅಲೆಗಳ ನಡುವೆ ‘ಕದಿರು’ ಎಂದು ಕರೆಯಬಹುದಾದ ಆಕಾರದ ಚಿಕ್ಕ ಚಿಕ್ಕ ಗುಚ್ಛಗಳು ಕಾಣಿಸಿಕೊಂಡರೆ ಎರಡನೇ ಹಂತ ಆರಂಭವಾಯಿತೆಂದು ತಿಳಿಯುತ್ತಾರೆ. ಆಗ ಯಾರೂ ಸಂಶಯವಿಲ್ಲದೆ ಹೇಳಬಹುದು, ಮನುಷ್ಯ ಮಲಗಿದ.

ಆದರೆ ಇಡೀ ಮಿದುಳು ಒಟ್ಟಿಗೆ ಮಲಗುವುದಿಲ್ಲ. 2010ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಸಂಶೋಧಕರು ಇದನ್ನು ನೇರವಾಗಿ ಕಂಡರು. ಮೂರ್ಛೆರೋಗದ ಚಿಕಿತ್ಸೆಗಾಗಿ ಮಿದುಳಿನ ಆಳಕ್ಕೆ ತಂತಿ ಇಳಿಸಿದ್ದ ರೋಗಿಗಳಲ್ಲಿ ನಿದ್ದೆ ಹತ್ತುವ ಹೊತ್ತನ್ನು ಅವರು ಅಳೆದರು. ಮಿದುಳಿನ ನಡುವೆ ಥಲಾಮಸ್ ಎಂಬ ಭಾಗವಿದೆ. ಕಣ್ಣು, ಕಿವಿ, ಚರ್ಮಗಳಿಂದ ಬರುವ ಸುದ್ದಿಗಳಲ್ಲಿ ಹೆಚ್ಚಿನವು ಈ ಬಾಗಿಲಿನ ಮೂಲಕವೇ ಮಿದುಳಿನ ಹೊರಪದರಕ್ಕೆ ಹೋಗಬೇಕು. ಮೊದಲು ತಣ್ಣಗಾಗುವುದು ಈ ಬಾಗಿಲು. ಯೋಚಿಸುವ, ಚಿತ್ರ ಕಟ್ಟುವ ಹೊರಪದರ ಅದಾದ ಮೇಲೂ ಹಲವು ನಿಮಿಷ ಚುರುಕಾಗಿಯೇ ಇರುತ್ತದೆ. ಮದುವೆ ಮನೆಯ ಗೇಟು ಹಾಕಿಯಾಗಿದೆ, ಹೊಸಬರು ಯಾರೂ ಒಳಗೆ ಬರುತ್ತಿಲ್ಲ, ಆದರೆ ಒಳಗೆ ದೀಪ ಆರಿಲ್ಲ, ಮಾತು ನಿಂತಿಲ್ಲ. ಆ ಹೊತ್ತಿನ ಮನಸ್ಸು ಹೀಗೆ.

ಹೊರಗಿನ ಸುದ್ದಿ ನಿಂತ ಮೇಲೆ ಒಳಗಿನವರು ಏನು ಮಾತನಾಡುತ್ತಾರೆ? ಹಗಲಿನ ಸಾಮಾನನ್ನೇ ತಿರುಗಿಸಿ ಮುರುಗಿಸಿ ಆಡುತ್ತಾರೆ. ಬಣ್ಣದ ಕಲೆಗಳು, ಮುಖಗಳು, ಯಾರೋ ಹೆಸರು ಹಿಡಿದು ಕರೆದಂತಹ ಧ್ವನಿ, ಮೆಟ್ಟಿಲು ತಪ್ಪಿದಂತಹ ಭಾವನೆ. ಫ್ರಾನ್ಸಿನ ಆಲ್ಫ್ರೆಡ್ ಮೌರಿ ಎಂಬ ವಿದ್ವಾಂಸರು 1848ರಲ್ಲಿಯೇ ಈ ಹೊತ್ತಿನ ದೃಶ್ಯಗಳಿಗೆ ಒಂದು ಪ್ರತ್ಯೇಕ ಹೆಸರು ಕೊಟ್ಟು ಅವನ್ನು ತಮ್ಮ ಮೇಲೆಯೇ ಪರೀಕ್ಷಿಸಿಕೊಂಡಿದ್ದರು. 2000ದಲ್ಲಿ ಅಮೆರಿಕದ ರಾಬರ್ಟ್ ಸ್ಟಿಕ್‌ಗೋಲ್ಡ್ ಮತ್ತು ಸಂಗಡಿಗರು ಟೆಟ್ರಿಸ್ ಎಂಬ ಕಂಪ್ಯೂಟರ್ ಆಟವನ್ನು ಕೆಲವರಿಂದ ದಿನಕ್ಕೆ ಹಲವು ತಾಸು ಆಡಿಸಿದರು. ನಿದ್ದೆ ಹತ್ತುವಾಗ ಬಹುಮಂದಿಗೆ ಆಟದ ತುಂಡುಗಳು ಕಣ್ಣ ಮುಂದೆ ಬೀಳುತ್ತಿದ್ದವು. ಇದರಲ್ಲಿ ಬೆರಗು ಹುಟ್ಟಿಸುವ ಸಂಗತಿ ಬೇರೆಯೇ ಇದೆ. ಆ ಗುಂಪಿನಲ್ಲಿ ಹೊಸ ನೆನಪೇ ನಿಲ್ಲದ 5 ಮಂದಿ ರೋಗಿಗಳಿದ್ದರು. ಆಟವಾಡಿದ್ದೇ ಅವರಿಗೆ ಮರೆತುಹೋಗುತ್ತಿತ್ತು. ಅವರಲ್ಲಿಯೂ 3 ಮಂದಿ ನಿದ್ದೆ ಹತ್ತುವಾಗ ಅದೇ ತುಂಡುಗಳನ್ನು ಕಂಡರು. ಇಡೀ ರಾತ್ರಿ ಒಂದೇ ಬಗೆಯ ಬಿಡಿಭಾಗ ಜೋಡಿಸಿ ಬಂದವರಿಗೆ ಕಣ್ಣು ಮುಚ್ಚಿದರೆ ಬಿಡಿಭಾಗಗಳೇ ಕಾಣುವುದರಲ್ಲಿ ಹೆದರುವಂಥದ್ದೇನೂ ಇಲ್ಲ. ಜಿನ್ನ್ ಬಾಧೆಯೆಂದು ತಾಯತ ಕಟ್ಟಿಸಿಕೊಳ್ಳಲು ಓಡಬೇಕಾಗಿಯೂ ಇಲ್ಲ. ಆಗ ಕೈಕಾಲು ಒಮ್ಮೆಲೇ ಜಿಗಿದು ಎಚ್ಚರವಾಗುವುದೂ ಅಷ್ಟೇ. ಅದು ಬಹುತೇಕ ಎಲ್ಲರಿಗೂ ಒಂದಲ್ಲ ಒಂದು ದಿನ ಆಗುತ್ತದೆ. ಅತಿ ದಣಿವು, ಅತಿ ಚಹಾ ಇದ್ದವರಿಗೆ ಹೆಚ್ಚು.

ಸ್ನಾಯು ಸಡಿಲವಾಗುವ ಬಗ್ಗೆ ಹೇಳುವಾಗ ಉಹುದ್ ನೆನಪಾಗುತ್ತದೆ. ಹಿಜರಿ 3ರಲ್ಲಿ (ಕ್ರಿ.ಶ. 625) ಆ ಯುದ್ಧದ ಸಂಕಟದ ನಡುವೆ ಅಲ್ಲಾಹನು ವಿಶ್ವಾಸಿಗಳಲ್ಲಿ ಒಂದು ಗುಂಪಿನ ಮೇಲೆ ತೂಕಡಿಕೆಯನ್ನು ನೆಮ್ಮದಿಯಾಗಿ ಇಳಿಸಿದನೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ (ಆಲಿ ಇಮ್ರಾನ್: 154). ಹ. ಅಬೂ ತಲ್ಹಾ(ರ) ಆ ಗುಂಪಿನಲ್ಲಿದ್ದರು. ತನ್ನ ಕೈಯಿಂದ ಖಡ್ಗ ಮತ್ತೆ ಮತ್ತೆ ಜಾರಿ ಬೀಳುತ್ತಿತ್ತೆಂದೂ ತಾನು ಮತ್ತೆ ಮತ್ತೆ ಅದನ್ನು ಎತ್ತಿಕೊಳ್ಳುತ್ತಿದ್ದೆನೆಂದೂ ಅವರು ಹೇಳಿದ್ದು ಬುಖಾರಿಯಲ್ಲಿದೆ. ಬೆದರಿದ ಮನಸ್ಸಿಗೆ ನಿದ್ದೆ ಹತ್ತದು. ಕಾವಲನ್ನು ಕೈಬಿಟ್ಟಾಗಲೇ ಅದು ಹತ್ತುತ್ತದೆ. ಶತ್ರುಗಳ ಎದುರಿನಲ್ಲಿ ಆ ಭಯ ಇಳಿದದ್ದೇ ಅಲ್ಲಿನ ಅನುಗ್ರಹ. ವಿಜ್ಞಾನಿ ಎಡಿಸನ್ ಬೇಕೆಂದೇ ಕೈಯಲ್ಲಿ ಲೋಹದ ಗುಂಡು ಹಿಡಿದು ಕುರ್ಚಿಯಲ್ಲಿ ತೂಕಡಿಸುತ್ತಿದ್ದರೆಂದೂ, ಅದು ಬಿದ್ದ ಸದ್ದಿಗೆ ಎದ್ದು ಹೊಳೆದದ್ದನ್ನು ಬರೆದಿಡುತ್ತಿದ್ದರೆಂದೂ ಹೇಳುತ್ತಾರೆ. 2021ರಲ್ಲಿ ಪ್ಯಾರಿಸಿನ ಸಂಶೋಧಕರು ಇದನ್ನು ಪರೀಕ್ಷಿಸಿದರು. ಲೆಕ್ಕವೊಂದರಲ್ಲಿ ಅಡಗಿದ್ದ ಸುಲಭ ಸೂತ್ರವನ್ನು, ಮೊದಲ ಹಂತದ ನಿದ್ದೆಯಲ್ಲಿ ಕನಿಷ್ಠ 15 ಸೆಕೆಂಡು ಕಳೆದು ಎದ್ದವರಲ್ಲಿ 83 ಶೇಕಡಾ ಮಂದಿ ಕಂಡುಹಿಡಿದರು. ಎಚ್ಚರವಾಗಿಯೇ ಇದ್ದವರಲ್ಲಿ 30 ಶೇಕಡಾ, ಇನ್ನೂ ಆಳಕ್ಕಿಳಿದವರಲ್ಲಿ 14 ಶೇಕಡಾ ಮಾತ್ರ.

ನಿದ್ದೆಯನ್ನು ತರುವುದು ಯಾವುದು ಎಂಬುದಕ್ಕೆ ಇಲ್ಲಿ ಎರಡು ಮಾತು ಸಾಕು. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ಹೆಚ್ಚಿದಷ್ಟೂ ಮಂಪರು ಹೆಚ್ಚು. ಚಹಾ, ಕಾಫಿಗಳು ಅದನ್ನು ತೆಗೆಯುವುದಿಲ್ಲ, ಅದರ ಸುಳಿವು ನಮಗೆ ಸಿಗದಂತೆ ಕೆಲಕಾಲ ತಡೆಯುತ್ತವೆ ಅಷ್ಟೇ. ಇನ್ನೊಂದು, ದೇಹದೊಳಗಿನ ಗಡಿಯಾರ. ಅದು ಸೂರ್ಯನನ್ನು ನೋಡಿ ನಡೆಯುತ್ತದೆ, ಕಂಪೆನಿಯ ಪಾಳಿಯ ಪಟ್ಟಿಯನ್ನು ನೋಡಿ ಅಲ್ಲ.

ತನಗೇ ತಿಳಿಯದ ಗೆರೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಮೊದಲ ಹಂತದ ನಿದ್ದೆಯಿಂದ ಎಬ್ಬಿಸಿ ಕೇಳಿದರೆ ಅನೇಕರು ತಾವು ಮಲಗಿಯೇ ಇರಲಿಲ್ಲ ಎನ್ನುತ್ತಾರೆ. ನಿದ್ದೆಯ ಸಂಶೋಧನೆಯಲ್ಲಿ ಹೆಸರಾದ ಅಮೆರಿಕದ ವಿಲಿಯಂ ಡಿಮೆಂಟ್ ಒಂದು ಸರಳ ಪ್ರಯೋಗ ಮಾಡಿದ್ದರು. ನಿದ್ದೆಗೆಟ್ಟ ಯುವಕನೊಬ್ಬನ ರೆಪ್ಪೆಗಳನ್ನು ಮುಚ್ಚದಂತೆ ಟೇಪು ಹಚ್ಚಿ, ಕಣ್ಣ ಮುಂದೆ ಪ್ರಖರವಾದ ದೀಪ ಮಿನುಗಿಸುತ್ತಾ, ಪ್ರತಿ ಮಿಂಚಿಗೂ ಒಂದು ಗುಂಡಿ ಒತ್ತುವಂತೆ ಹೇಳಿದರು. ಸ್ವಲ್ಪ ಹೊತ್ತಿನಲ್ಲಿ ದೀಪ ಮಿಂಚಿತು, ಬೆರಳು ಅಲುಗಲಿಲ್ಲ. ಯಾಕೆ ಒತ್ತಲಿಲ್ಲವೆಂದು ಕೂಡಲೇ ಕೇಳಿದರೆ, ದೀಪ ಮಿಂಚಲೇ ಇಲ್ಲವಲ್ಲ ಎಂದ ಆತ! ಕಣ್ಣು ತೆರೆದೇ ಇತ್ತು, ಬೆಳಕು ಕಣ್ಣೊಳಗೆ ಬಿದ್ದೇ ಇತ್ತು. ಆದರೆ ನೋಡುವವನು ಎರಡು ಸೆಕೆಂಡು ಅಲ್ಲಿರಲಿಲ್ಲ. ತಾನು ಇರಲಿಲ್ಲ ಎಂಬುದೂ ಅವನಿಗೆ ತಿಳಿಯಲಿಲ್ಲ.

ಅಷ್ಟೇ ಅಲ್ಲ. 1994ರ ಒಂದು ಅಧ್ಯಯನದಲ್ಲಿ, ಮಲಗುತ್ತಿರುವವರಿಗೆ ನಿದ್ದೆ ಹತ್ತುವವರೆಗೂ ಒಂದೊಂದಾಗಿ ಪದಗಳನ್ನು ಕೇಳಿಸಿದರು. ಹತ್ತು ನಿಮಿಷದ ನಿದ್ದೆಯ ಬಳಿಕ ಎಬ್ಬಿಸಿದಾಗ, ಕೊನೆಯ ಕೆಲವು ನಿಮಿಷಗಳಲ್ಲಿ ಎಚ್ಚರವಿದ್ದಾಗಲೇ ಕೇಳಿದ ಪದಗಳು ಕೂಡ ನೆನಪಿನಿಂದ ಅಳಿಸಿಹೋಗಿದ್ದವು. ನಿದ್ದೆ ಬರುವಾಗ ತನ್ನ ಹೆಜ್ಜೆಗುರುತನ್ನು ತಾನೇ ಗುಡಿಸಿಕೊಂಡು ಬರುತ್ತದೆ ಎನ್ನಬೇಕು.

ನಮ್ಮ ಕರ್ಮಶಾಸ್ತ್ರ ವಿದ್ವಾಂಸರು ಈ ಸಮಸ್ಯೆಯನ್ನು ಎಷ್ಟು ಜಾಣ್ಮೆಯಿಂದ ಎದುರಿಸಿದ್ದಾರೆಂದು ನೋಡಿ. ನಿದ್ದೆಯಿಂದ ವುಝೂ ಹೋಗುವುದು ನಿದ್ದೆ ಹೊಲಸು ಎಂದಲ್ಲ. ಕಣ್ಣು ದೇಹಕ್ಕೆ ಬಿಗಿದ ದಾರವಿದ್ದಂತೆ ಎಂಬ ಅರ್ಥದ ಮಾತನ್ನು ಹ. ಅಲೀ(ರ) ವರದಿ ಮಾಡಿದ್ದಾರೆ (ಅಬೂದಾವೂದ್). ಕಣ್ಣು ಮಲಗಿದರೆ ದಾರ ಸಡಿಲವಾಯಿತು. ವಾಯು ಹೋಯಿತೋ ಇಲ್ಲವೋ ಮಲಗಿದವನಿಗೆ ತಿಳಿಯದು. ಆದುದರಿಂದ ಆತನ ‘ನನಗೇನೂ ಆಗಲಿಲ್ಲ’ ಎಂಬ ಸಾಕ್ಷ್ಯವನ್ನು ಅವರು ಕೇಳುವುದಿಲ್ಲ. ಆತ ಕುಳಿತ ಭಂಗಿಯನ್ನು ನೋಡುತ್ತಾರೆ. ನಮ್ಮ ಈ ಕಡೆ ಹೆಚ್ಚಾಗಿ ಅನುಸರಿಸುವ ಹನಫೀ ಮದ್‌ಹಬ್‌ನಂತೆ ಮಲಗಿ, ಅಥವಾ ತೆಗೆದರೆ ಬಿದ್ದುಹೋಗುವಂತೆ ಯಾವುದಕ್ಕಾದರೂ ಒರಗಿ ನಿದ್ದೆ ಹೋದರೆ ವುಝೂ ಉಳಿಯದು. ಕರಾವಳಿಯ ಶಾಫಿಈಗಳಲ್ಲಿ ಪೃಷ್ಠವನ್ನು ನೆಲಕ್ಕೆ ಭದ್ರವಾಗಿ ಊರಿ ಕುಳಿತವನ ನಿದ್ದೆಯಿಂದ ವುಝೂ ಹೋಗದು. ಬರೀ ತೂಕಡಿಕೆಯಿಂದ ಹೋಗದೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಪ್ರವಾದಿವರ್ಯರ(ಸ) ಸಂಗಾತಿಗಳು ಇಶಾ ನಮಾಝ್‌ಗಾಗಿ ಕಾಯುತ್ತಾ ತಲೆ ತೂಗಾಡುವಷ್ಟು ಜೋಂಪಿಗೆ ಹೋಗುತ್ತಿದ್ದರು, ಆಮೇಲೆ ಎದ್ದು ಹೊಸ ವುಝೂ ಇಲ್ಲದೆಯೇ ನಮಾಝ್ ಮಾಡುತ್ತಿದ್ದರು. ತೂಕಡಿಸಿದೆನೋ ನಿದ್ದೆ ಹೋದೆನೋ ಎಂಬ ಸಂಶಯವೇ ಉಳಿದರೆ? ಖಚಿತವಾಗಿದ್ದ ವುಝೂವನ್ನು ಸಂಶಯ ಅಳಿಸದು ಎನ್ನುತ್ತಾರೆ ನವವಿಯವರು(ರ). ಕಂಬಕ್ಕೆ ಒರಗದೆ ಕುಳಿತಿದ್ದ ನಮ್ಮ ಭಾಯಿ ನೆಮ್ಮದಿಯಿಂದಿರಲಿ. ಇನ್ನು ಮುಂದೆ ಜುಮಾದಲ್ಲಿ ತೂಕಡಿಕೆ ಬಂದಾಗ ಕುಳಿತ ಜಾಗವನ್ನು ಬದಲಿಸಲಿ. ಹ. ಇಬ್ನು ಉಮರ್(ರ) ವರದಿ ಮಾಡಿದ ಪ್ರವಾದಿ(ಸ) ಸಲಹೆ ಇದು.

ಇಲ್ಲಿ ಒಂದು ಮಾತು. ಹದೀಸನ್ನು ಇಇಜಿ ಯಂತ್ರ ‘ಸಾಬೀತು’ ಮಾಡಿತೆಂದು ಸಂಭ್ರಮಿಸುವ ಚಪಲ ನಮ್ಮ ಕೆಲವು ಬರಹಗಾರರಿಗಿದೆ. ನನಗೆ ಅದು ಒಪ್ಪಿಗೆಯಿಲ್ಲ. ಪ್ರವಾದಿವಚನಕ್ಕೆ ಯಂತ್ರದ ಸರ್ಟಿಫಿಕೇಟು ಬೇಕಿಲ್ಲ. ಇಮಾಮ್ ನವವಿ(ರ) ಮಿದುಳನ್ನು ಅಳೆದವರೂ ಅಲ್ಲ, ಮನುಷ್ಯರನ್ನು ಹತ್ತಿರದಿಂದ ನೋಡಿದವರು. ಇಬ್ಬರೂ ಒಂದೇ ಮನುಷ್ಯನನ್ನು ನೋಡಿದ್ದರಿಂದ ಕಂಡದ್ದು ಕೆಲವು ಕಡೆ ಹೊಂದುತ್ತದೆ.

ನಿದ್ದೆಗಣ್ಣಿನ ನಾಲಿಗೆಯನ್ನು ನಂಬಬಾರದೆಂಬುದಕ್ಕೆ ಹ. ಆಇಶಾ(ರ) ವರದಿ ಮಾಡಿದ ಹದೀಸ್ ಪ್ರಸಿದ್ಧವಾಗಿದೆ. ನಮಾಝ್‌ನಲ್ಲಿ ತೂಕಡಿಕೆ ಬಂದವನು ಅದು ಹೋಗುವ ತನಕ ಮಲಗಲಿ, ಕ್ಷಮೆ ಬೇಡುತ್ತಿದ್ದೇನೆಂದು ಭಾವಿಸಿ ತನ್ನನ್ನೇ ಶಪಿಸಿಕೊಂಡಾನು ಎಂದು ಪ್ರವಾದಿ(ಸ) ಎಚ್ಚರಿಸಿದರು (ಬುಖಾರಿ, ಮುಸ್ಲಿಮ್). ಮಸೀದಿಯ ಎರಡು ಕಂಬಗಳ ನಡುವೆ ಹ. ಝೈನಬ್(ರ) ಕಟ್ಟಿದ್ದ ಹಗ್ಗವನ್ನು, ದಣಿದಾಗ ಹಿಡಿದುಕೊಂಡು ನಮಾಝ್ ಮಾಡಲೆಂದು ಕಟ್ಟಿದ್ದನ್ನು, ಪ್ರವಾದಿ(ಸ) ಬಿಚ್ಚಿಸಿದರು. ಮದ್ಯದ ಅಮಲಿನಲ್ಲಿ, ಹೇಳುವುದೇನೆಂದು ತಿಳಿಯದ ಸ್ಥಿತಿಯಲ್ಲಿ ನಮಾಝ್ ಸಮೀಪಿಸಬಾರದೆಂಬ ಅನ್ನಿಸಾ ಅಧ್ಯಾಯದ 43ನೇ ಸೂಕ್ತದ ‘ಅಮಲು’ ಎಂಬ ಪದವನ್ನು ತಾಬಿಈ ವಿದ್ವಾಂಸರಾದ ದಹ್ಹಾಕ್(ರ) ನಿದ್ದೆಯ ಅಮಲೆಂದೇ ವ್ಯಾಖ್ಯಾನಿಸಿದ್ದರು. ಬಹುಪಾಲು ವ್ಯಾಖ್ಯಾನಕಾರರು ಇದನ್ನು ಸ್ವೀಕರಿಸಲಿಲ್ಲ. ಆದರೆ ಮುಂದೆ ಹೇಳುವ ಲೆಕ್ಕವನ್ನು ಓದುವಾಗ ಆ ಮಾತು ನೆನಪಿನಲ್ಲಿರಲಿ.

ಬಿಲಾಲ್(ರ) ಮತ್ತು ಹೊಸೂರು ರಸ್ತೆ

ಖೈಬರ್‌ನಿಂದ ಮರಳುವ ದಾರಿ. ರಾತ್ರಿಯಿಡೀ ಪ್ರಯಾಣ ಮಾಡಿ ಪ್ರವಾದಿವರ್ಯರಿಗೂ(ಸ) ಸಂಗಾತಿಗಳಿಗೂ ನಿದ್ದೆ ಒತ್ತರಿಸಿ ಬಂತು. ಒಂದೆಡೆ ತಂಗಿದರು. ಫಜ್ರ್‌ಗೆ ಎಬ್ಬಿಸುವ ಹೊಣೆ ಹ. ಬಿಲಾಲರಿಗೆ(ರ) ಸಿಕ್ಕಿತು. ಅವರು ಮಲಗಲಿಲ್ಲ. ಶಕ್ತಿ ಇದ್ದಷ್ಟು ಹೊತ್ತು ನಮಾಝ್ ಮಾಡಿದರು. ಬೆಳಗು ಸಮೀಪಿಸಿದಾಗ ಪೂರ್ವಕ್ಕೆ ಮುಖ ಮಾಡಿ, ಬೆಳಕು ಮೂಡುವುದನ್ನೇ ಕಾಯುತ್ತಾ ತಮ್ಮ ಒಂಟೆಗೆ ಒರಗಿ ಕುಳಿತರು. ಅಷ್ಟೇ. ಬಿಸಿಲು ಮೈಗೆ ತಾಕುವ ತನಕ ಯಾರೂ ಏಳಲಿಲ್ಲ. ಮೊದಲು ಎದ್ದವರು ಪ್ರವಾದಿವರ್ಯರೇ(ಸ). ಬಿಲಾಲರನ್ನು ಕರೆದಾಗ, ನಿಮ್ಮನ್ನು ಹಿಡಿದದ್ದೇ ನನ್ನನ್ನೂ ಹಿಡಿಯಿತು ಎಂಬರ್ಥದಲ್ಲಿ ಅವರು ಉತ್ತರಿಸಿದರು. ಪ್ರವಾದಿ(ಸ) ಗದರಿಸಲಿಲ್ಲ. ವಾಹನಗಳನ್ನು ಸ್ವಲ್ಪ ಮುಂದೆ ಸಾಗಿಸಿ, ವುಝೂ ಮಾಡಿ, ಎಲ್ಲರೊಂದಿಗೆ ನಮಾಝ್ ನಿರ್ವಹಿಸಿದರು (ಮುಸ್ಲಿಮ್).

ಬಿಲಾಲ್(ರ) ಎಲ್ಲಿ ತಪ್ಪಿದರು? ಸಂಕಲ್ಪ ದೃಢವಾಗಿತ್ತು. ಮುಖ ಸರಿಯಾದ ದಿಕ್ಕಿಗಿತ್ತು. ಆದರೂ ಆ ಗೆರೆಯನ್ನು ದಾಟಿದ್ದು ಅವರಿಗೆ ತಿಳಿಯಲಿಲ್ಲ. ಇಂತಹದೇ ಇನ್ನೊಂದು ಸಂದರ್ಭದಲ್ಲಿ ಪ್ರವಾದಿ(ಸ), ನಿದ್ದೆಯಲ್ಲಿ ಲೋಪವಿಲ್ಲ, ಲೋಪವಿರುವುದು ಎಚ್ಚರದಲ್ಲಿ ಎಂದು ತಿಳಿಸಿದರು. ಈ ಮಾತಿನ ಮೊದಲ ಭಾಗದಿಂದ ನಾವು ಸಮಾಧಾನ ಪಡೆಯುತ್ತೇವೆ. ಎರಡನೇ ಭಾಗವನ್ನು ಮರೆಯುತ್ತೇವೆ.

ನನಗೆ ಪರಿಚಿತನಾದ ಯುವಕನೊಬ್ಬ ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿ ಕೆಲಸ ಮುಗಿಸಿ ಬೈಕಿನಲ್ಲಿ ಚಂದಾಪುರಕ್ಕೆ ಬರುತ್ತಿದ್ದ. ಹೆಬ್ಬಗೋಡಿ ದಾಟಿದ್ದು ಅವನಿಗೆ ಗೊತ್ತು. ಬೊಮ್ಮಸಂದ್ರ ಬಂದದ್ದು ಗೊತ್ತಿಲ್ಲ. ಕಣ್ಣು ಬಿಟ್ಟಾಗ ರಸ್ತೆ ಬದಿಯ ಚರಂಡಿಯ ಪಕ್ಕದಲ್ಲಿದ್ದ, ಭುಜದ ಮೂಳೆ ಮುರಿದಿತ್ತು. ಹಿಂದೆ ಲಾರಿ ಇರಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಅವನ ತಾಯಿ ಹೇಳುವುದೇನೆಂದರೆ, ಹೊರಡುವ ಮೊದಲು ಫೋನು ಮಾಡಿದಾಗ, “ನಿದ್ದೆ ಏನೂ ಇಲ್ಲ ಅಮ್ಮೀ, ಮುಖ ತೊಳಕೊಂಡಿದ್ದೀನಿ” ಎಂದಿದ್ದನಂತೆ.

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ 4 ಸೆಕೆಂಡಿನ ಜೋಂಪು ಬಂದರೆ 66 ಮೀಟರ್ ದೂರ ಬೈಕನ್ನು ನಡೆಸುವವರು ಯಾರೂ ಇಲ್ಲವೆಂದರ್ಥ. 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು, 17 ತಾಸು ಎಚ್ಚರವಿದ್ದವನ ಕೈ ಕಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ 0.05 ಶೇಕಡಾ ಮದ್ಯವಿರುವವನಷ್ಟೇ ಕೆಟ್ಟಿರುತ್ತದೆಂದು ತೋರಿಸಿದರು. ನಮ್ಮ ದೇಶದ ಕಾನೂನು ವಾಹನ ಚಾಲಕನಿಗೆ ವಿಧಿಸಿದ ಮಿತಿ 0.03. ಮಧ್ಯಾಹ್ನ ಒಂದಕ್ಕೆ ಎದ್ದು ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಆರಕ್ಕೆ ಬೈಕ್ ಹತ್ತುವವನಿಗೆ 17 ತಾಸು ತುಂಬಿತು. ಮದ್ಯದ ಹನಿಯನ್ನೂ ಮುಟ್ಟದ, ಅದರ ಅಂಗಡಿಯ ಮುಂದೆ ನಿಲ್ಲಲೂ ಹೇಸುವ ನಮ್ಮ ಹುಡುಗರು ಈ ಅಮಲಿನಲ್ಲಿ ದಿನವೂ ಹೆದ್ದಾರಿಗೆ ಇಳಿಯುತ್ತಿದ್ದಾರೆ. ಪೊಲೀಸರ ಯಂತ್ರದಲ್ಲಿ ಊದಿದರೆ ಇದು ಕಾಣುವುದೂ ಇಲ್ಲ.

ಮುಖಕ್ಕೆ ನೀರು, ಗಾಳಿ, ಕಿವಿಯಲ್ಲಿ ಹಾಡು, ಇವುಗಳ ಪ್ರಯೋಜನ ಕೆಲವೇ ನಿಮಿಷದ್ದು. ಸಂಶಯ ಬಂದೊಡನೆ ವಾಹನ ನಿಲ್ಲಿಸುವುದೇ ಸರಿ. ಮಾರಿ ಬಾರಿ ಆಕಳಿಸುವುದು, ಹಿಂದಿನ ಒಂದೆರಡು ಕಿಲೋಮೀಟರ್ ಹೇಗೆ ಬಂದೆನೆಂದು ನೆನಪಾಗದಿರುವುದು, ಇವೇ ಗುರುತು. ಒಂದು ಚಹಾ ಕುಡಿದು ಕೂಡಲೇ ಹದಿನೈದು ಇಪ್ಪತ್ತು ನಿಮಿಷ ಮಲಗಿದರೆ ಚಹಾ ಕೆಲಸ ಶುರು ಮಾಡುವ ಹೊತ್ತಿಗೆ ಎಚ್ಚರವಾಗಬಹುದು. ಕಂಪೆನಿಯ ಬಸ್ಸಿದ್ದರೆ ಬೈಕನ್ನು ಮನೆಯಲ್ಲೇ ಬಿಡಿ. 2025ರ ಆಗಸ್ಟಿನಿಂದ ಬೊಮ್ಮಸಂದ್ರದವರೆಗೆ ಮೆಟ್ರೋ ಇದೆ, ಅದರಲ್ಲಿ ತೂಕಡಿಸಿದರೆ ಹೆಚ್ಚೆಂದರೆ ಇಳಿಯುವ ಸ್ಟೇಷನ್ ತಪ್ಪೀತು. ‘ಡಬಲ್ ಡ್ಯೂಟಿ’ಯ ಹಣದ ಆಸೆಗೆ ಮೇಲಿಂದ ಮೇಲೆ ಎರಡು ಪಾಳಿ ದುಡಿಯುವವರಿಗೂ, ದುಡಿಸುವವರಿಗೂ ಲೋಪ ಎಚ್ಚರದಲ್ಲಿದೆ ಎಂಬ ಮಾತು ಅನ್ವಯಿಸುತ್ತದೆ ಎಂದೇ ನಾನು ಭಾವಿಸುತ್ತೇನೆ.

ಗೆರೆಯ ಈಚೆ ಮಾಡಬೇಕಾದದ್ದು

ದಾಟುವ ಗಳಿಗೆ ನಮ್ಮ ಅರಿವಿಗೆ ಬಾರದು ಎಂದಾದರೆ ಮಾಡಬೇಕಾದದ್ದನ್ನೆಲ್ಲ ಅದಕ್ಕೆ ಮೊದಲೇ ಮಾಡಿಬಿಡಬೇಕು. ನಿದ್ದೆಗೆ ಸಂಬಂಧಿಸಿದ ಪ್ರವಾದಿಚರ್ಯೆಯನ್ನು ಈ ದೃಷ್ಟಿಯಿಂದ ಓದಿದರೆ ಒಂದೊಂದೂ ಹೊಸದಾಗಿ ಅರ್ಥವಾಗುತ್ತದೆ. ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಮನೆಮಂದಿ ಇದ್ದಂತೆಯೇ ಉರಿದುಹೋದಾಗ, ಮಲಗುವಾಗ ಬೆಂಕಿಯನ್ನು ಆರಿಸಲು ಪ್ರವಾದಿ(ಸ) ಆದೇಶಿಸಿದರು (ಬುಖಾರಿ). ಗ್ಯಾಸಿನ ಒಲೆ, ಹಾಸಿಗೆಯ ಪಕ್ಕದ ಸೊಳ್ಳೆಬತ್ತಿ, ದಿಂಬಿನಡಿ ಚಾರ್ಜಿಗೆ ಹಾಕಿದ ಮೊಬೈಲು ಎಲ್ಲವೂ ಈ ಆದೇಶದೊಳಗೆ ಬರುತ್ತವೆ. ತಡೆಗೋಡೆಯಿಲ್ಲದ ಮಾಳಿಗೆಯ ಮೇಲೆ ಮಲಗುವವನ ಹೊಣೆ ಯಾರ ಮೇಲೂ ಇಲ್ಲ ಎಂಬ ಹದೀಸನ್ನು ಅಬೂದಾವೂದ್ ದಾಖಲಿಸಿದ್ದಾರೆ. ಬೇಸಗೆಯಲ್ಲಿ ಬಾಡಿಗೆ ಕೋಣೆಯ ಸೆಕೆ ತಾಳಲಾರದೆ ಅರೆಬರೆ ಕಟ್ಟಿದ ತಾರಸಿಗಳ ಮೇಲೆ ಚಾಪೆ ಹಾಸುವ ನಮ್ಮ ಹುಡುಗರಿಗೆ ಇದನ್ನು ಓದಿ ಹೇಳಬೇಕು.

ಇನ್ನು ಮನಸ್ಸಿನ ಸಿದ್ಧತೆ. ನಮಾಝ್‌ಗೆ ಮಾಡುವಂತೆ ವುಝೂ ಮಾಡಿ, ಬಲಮಗ್ಗುಲಾಗಿ ಮಲಗಿ, ತನ್ನನ್ನು ಅಲ್ಲಾಹನಿಗೆ ಒಪ್ಪಿಸುವ ಪ್ರಾರ್ಥನೆಯನ್ನು ಹ. ಬರಾಅ್ ಬಿನ್ ಆಝಿಬ್‌ರಿಗೆ(ರ) ಪ್ರವಾದಿ(ಸ) ಕಲಿಸಿದರು. ಅದೇ ಕೊನೆಯ ಮಾತಾಗಿರಲಿ ಎಂದೂ ಹೇಳಿದರು (ಬುಖಾರಿ). ಗೇಟು ಹಾಕಿದ ಮೇಲೂ ಒಳಗೆ ಮಾತು ನಡೆಯುತ್ತದೆ ಎಂದೆವಲ್ಲ. ಆ ಮಾತಿಗೆ ವಸ್ತು ಯಾವುದೆಂಬುದು ಕೊನೆಗೆ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಬಹಳಷ್ಟು ಅವಲಂಬಿಸಿದೆ. ಮಲಗಿದ ಮೇಲೆ ಒಂದರ ಹಿಂದೊಂದು ಜಗಳದ, ಕುಣಿತದ ವೀಡಿಯೊ ನೋಡುವವನು ತನ್ನ ಮನೆಗೆ ತಾನೇ ಅಂತಹ ಅತಿಥಿಗಳನ್ನು ಕರೆತಂದು ಗೇಟು ಹಾಕಿಕೊಂಡಂತೆ.

ಎಲ್ಲ ಸರಿಯಿದ್ದರೂ ಚಿಂತೆ ನಿದ್ದೆಯನ್ನು ತಡೆಯುತ್ತದೆ. ಮನೆಗೆಲಸದಿಂದ ಕೈ ಒಡೆದು, ಸಹಾಯಕ್ಕೆ ಆಳು ಕೇಳಲು ಬಂದ ಮಗಳು ಫಾತಿಮಾರಿಗೆ(ರ) ಪ್ರವಾದಿ(ಸ) ಕೊಟ್ಟದ್ದು ಹಾಸಿಗೆಗೆ ಹೋಗುವಾಗ 33, 33, 34 ಬಾರಿ ಹೇಳುವ ತಸ್ಬೀಹ್. 2018ರಲ್ಲಿ ಅಮೆರಿಕದಲ್ಲಿ 57 ಯುವಜನರ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ಮಲಗುವ ಮೊದಲು ಐದು ನಿಮಿಷ ನಾಳೆ ಮಾಡಬೇಕಾದ ಕೆಲಸಗಳ ಪಟ್ಟಿ ಬರೆದವರಿಗೆ, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆ ಹತ್ತಿತು. ವಿವರವಾಗಿ ಬರೆದಷ್ಟೂ ಬೇಗ. ಕೊಡಬೇಕಾದ ಸಾಲ, ಮಗಳ ಫೀಸು, ಊರಿಗೆ ಕಳಿಸಬೇಕಾದ ಹಣ, ಎಲ್ಲವನ್ನೂ ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟು ಮಲಗಿ ನೋಡಿ. ವಸಿಯ್ಯತ್ ಮಾಡಬೇಕಾದ ವಸ್ತುವುಳ್ಳ ಮುಸ್ಲಿಮನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯಬಾರದೆಂಬ ಹದೀಸನ್ನು ಕೇಳಿದಂದಿನಿಂದ ತನ್ನ ವಸಿಯ್ಯತ್ ಹತ್ತಿರವಿಲ್ಲದೆ ಒಂದು ರಾತ್ರಿಯೂ ಕಳೆದಿಲ್ಲವೆಂದು ಹ. ಇಬ್ನು ಉಮರ್(ರ) ಹೇಳಿದ್ದರು. ನಿದ್ದೆಯಲ್ಲಿ ಅಲ್ಲಾಹನು ಆತ್ಮಗಳನ್ನು ವಶಪಡಿಸಿಕೊಂಡು, ಮರಣ ವಿಧಿಸಿದವುಗಳನ್ನು ತಡೆದು, ಉಳಿದವುಗಳನ್ನು ನಿಶ್ಚಿತ ಅವಧಿಗೆ ಮರಳಿಸುತ್ತಾನೆಂಬ ಸೂಕ್ತವನ್ನು (ಅಝ್ಝುಮರ್: 42) ಅವರು ಅಕ್ಷರಶಃ ನಂಬಿದ್ದರು.

ರಾತ್ರಿ ದುಡಿಯುವವರ ಕಷ್ಟ ಬೇರೆಯೇ. ಅವರು ಮಲಗುವ ಹೊತ್ತಿಗೆ ಊರು ಏಳುತ್ತದೆ. ಅರ್ರೂಮ್ ಅಧ್ಯಾಯದ 23ನೇ ಸೂಕ್ತ ರಾತ್ರಿಯ ಮತ್ತು ಹಗಲಿನ ನಿದ್ದೆಗಳೆರಡನ್ನೂ ಅಲ್ಲಾಹನ ದೃಷ್ಟಾಂತಗಳೊಳಗೆ ಎಣಿಸಿದೆ. ಆದರೆ ದೇಹದ ಗಡಿಯಾರ ಹಗಲಿನಲ್ಲಿ ನಿದ್ದೆಯನ್ನು ಆಳಕ್ಕೆ ಇಳಿಯಗೊಡುವುದಿಲ್ಲ. ಒಂದು ಸದ್ದಾದರೆ ಸಾಕು, ಮೊದಲ ಹಂತಕ್ಕೆ ಎದ್ದು ಬರುತ್ತದೆ, ಮತ್ತೆ ಇಳಿಯಲು ಹೆಣಗುತ್ತದೆ. ಕಿಟಕಿಗೆ ದಪ್ಪ ಪರದೆ ಹಾಕಿ. ಕುಕ್ಕರನ್ನು ಅವರು ಬರುವ ಮೊದಲೇ ಇಳಿಸಿ. ಹಗಲು ಮಲಗಿದ ಸೊಸೆಯನ್ನು ಸೋಮಾರಿ ಎನ್ನಬೇಡಿ, ಆಕೆಯೂ ರಾತ್ರಿಯಿಡೀ ಕಂಪ್ಯೂಟರಿನ ಮುಂದೆ ಕುಳಿತು ಬಂದವಳಿರಬಹುದು.

ಹ. ಮಿಕ್ದಾದ್(ರ) ಒಂದು ಕಾಲದಲ್ಲಿ ಹಸಿವಿನಿಂದ ಕಂಗೆಟ್ಟು ಇಬ್ಬರು ಸಂಗಡಿಗರೊಂದಿಗೆ ಪ್ರವಾದಿವರ್ಯರ(ಸ) ಆಶ್ರಯದಲ್ಲಿದ್ದರು. ಆ ದಿನಗಳ ಬಗ್ಗೆ ಅವರು ನೆನಪಿಸಿಕೊಳ್ಳುವ ವಿವರಗಳಲ್ಲಿ ಇದೂ ಒಂದು (ಮುಸ್ಲಿಮ್). ಪ್ರವಾದಿ(ಸ) ರಾತ್ರಿ ತಡವಾಗಿ ಬರುತ್ತಿದ್ದರು. ಬಂದಾಗ ಸಲಾಮ್ ಹೇಳುತ್ತಿದ್ದರು. ಎಚ್ಚರವಿದ್ದವರಿಗೆ ಅದು ಕೇಳಿಸುತ್ತಿತ್ತು, ಮಲಗಿದವರು ಏಳುತ್ತಿರಲಿಲ್ಲ, ಅಷ್ಟು ಮೆಲ್ಲಗೆ.